ಧೋತರದಲ್ಲಿ ಹಿಂಡಿದ ಹುಳಿ

ಅತ್ತೆ ಫೋನ್ ಮಾಡಿ, "ಪಂಪ್ ಮನ್ಯಾಗ ಬಿಟ್ಟು ಹೊಲಕ್ಕ ಬಾ" ಅಂದಳು. ನನಗೆ ಅರ್ಥ ಆಗಲಿಲ್ಲ. ಪಂಪ್ ಬಿಟ್ಟರೆ ಹೊಲದಲ್ಲಿ ನನ್ನಿಂದ ಯಾರಿಗೂ ಕೆಲಸ ಇಲ್ಲ. ತಿರ್ಲಾಪುರದ ಹೊಲಗಳಿಗೆ ಎಣ್ಣೆ ಹೊಡೆಯುವವನು ನಾನು. ಎಣ್ಣೆ ಅಂದರೆ ಅಡುಗೆ ಎಣ್ಣೆ ಅಲ್ಲ, ಬೆಳೆಗೆ ಹೊಡೆಯುವ ಔಷಧ. ನಮ್ಮ ಕಡೆ ಹಾಗೇ ಅನ್ನುತ್ತಾರೆ. ಬ್ಯಾಟರಿ ಪಂಪನ್ನು ಬೆನ್ನಿಗೆ ಹಾಕಿಕೊಂಡು ಹತ್ತಿ, ಹೆಸರು, ಕಡಲೆ, ಯಾರು ಕರೆದರೆ ಅವರ ಹೊಲಕ್ಕೆ ಹೋಗುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ಬರೆಯುವ ರೂಢಿ ಇಲ್ಲ. ಎಣ್ಣೆ ಹೊಡೆಯದೆ ಮಾಡಿದ ಈ ಒಂದು ಕೆಲಸವನ್ನು ಮಾತ್ರ ಬರೆದಿಡಬೇಕು ಅನ್ನಿಸಿತು.

ಅತ್ತೆ ನನ್ನ ಅಪ್ಪನ ತಂಗಿ. ಅದೇ ಊರಿಗೇ ಕೊಟ್ಟಿದ್ದಾರೆ. ನಾನು ಹೋದಾಗ ಅವಳು ಕಡಲೆಯ ನಡುವೆ ನಿಂತಿದ್ದಳು, ಅವಳ ಗಂಡ, ಅಂದರೆ ನನ್ನ ಮಾಮಾ, ಬದುವಿನ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ಇಬ್ಬರ ಮುಖ ನೋಡಿದರೆ ಜಗಳ ಅರ್ಧ ಆಗಿತ್ತು, ಇನ್ನರ್ಧ ನನಗಾಗಿ ಕಾದಿತ್ತು.

"ಎಣ್ಣಿ ವಾಸನಿ ಅಂಗಿ ಹಾಕ್ಕೊಂಡು ಬಂದೀಯೇನು?" ಅಂದಳು ಅತ್ತೆ.

"ಇಲ್ಲತ್ತಿ. ಒಗದದ್ದು."

"ಊರಾಗ ಎಣ್ಣಿ ಬೀಳಲಾರದ ಕಡ್ಲಿ ಯಾರದೈತಿ ಹೇಳು."

ಯೋಚನೆ ಮಾಡಿದೆ. ಒಂದೊಂದೇ ಹೊಲ ನೆನಪಿಗೆ ಬಂತು. ಎಲ್ಲಕ್ಕೂ ನಾನೇ ಹೊಡೆದಿದ್ದೆ. "ನಿಮ್ಮದೊಂದ ಉಳದೈತಿ. ಬಾಜು ಹೊಲದ ಮುತ್ಯಾಂದು ಒಂದ್ಸಲ ಆಗೇತಿ. ನಿಮ್ಮದಕ್ಕ ಮಾಮಾ ಇನ್ನೂ ಕರದಿಲ್ಲ."

"ಇವತ್ತ ಕರೀಬೇಕಂತ ಮಾಡಿದ್ದೆ" ಅಂದ ಮಾಮಾ. "ಅಷ್ಟರಾಗ ಇಕಿ ಹುಳಿ ತಗೀತೀನಿ ಅಂತ ಕುಂತಾಳ."

ಕಡಲೆ ಹುಳಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಡಲೆ ಗಿಡದ ಎಲೆ, ಕಾಂಡ, ಕಾಯಿ ಎಲ್ಲದರ ಮೇಲೂ ಸಣ್ಣ ನವಿರು ಇರುತ್ತದೆ. ಅದರ ತುದಿಯಲ್ಲಿ ಹುಳಿ ಜಿನುಗುತ್ತದೆ. ಚಳಿಗಾಲದ ಇಬ್ಬನಿ ಬಿದ್ದಾಗ ಆ ಹುಳಿ ನೀರಿನಲ್ಲಿ ಕಲೆಯುತ್ತದೆ. ಸಂಜೆ ಗಿಡದ ಮೇಲೆ ಬಟ್ಟೆ ಹಾಸಿ, ಬೆಳಗ್ಗೆ ಬಿಸಿಲು ಬೀಳುವ ಮೊದಲು ತೆಗೆದು ಹಿಂಡಿದರೆ ಹುಳಿ ಸಿಗುತ್ತದೆ. ಬಿಸಿಲಲ್ಲಿಟ್ಟು ಗಟ್ಟಿ ಮಾಡಿ ಬಾಟಲಿಗೆ ತುಂಬಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹುಣಸೆ ಇಲ್ಲದೆ ಸಾರು ಮಾಡಬಹುದು. ಸಣ್ಣವನಿದ್ದಾಗ ನಮ್ಮ ಆಯಿಯ, ಅಂದರೆ ಅಜ್ಜಿಯ, ಅಡುಗೆಮನೆಯ ಗೋಡೆಮಾಡದಲ್ಲಿ ಅಂಥ ಬಾಟಲಿ ನೋಡಿದ್ದೆ. ಮಾಡುವುದನ್ನು ನೋಡಿರಲಿಲ್ಲ.

ಅತ್ತೆಗೆ ಅದು ಬೇಕಾದದ್ದು ಮಗಳಿಗಾಗಿ. ಮಗಳನ್ನು ಕುಬಿಹಾಳಕ್ಕೆ ಕೊಟ್ಟಿದ್ದಾರೆ. ಚೊಚ್ಚಲ ಬಸುರಿ. ಉಂಡದ್ದು ಒಂದೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟು, ಯಾವುದು ನಿಲ್ಲುತ್ತದೋ ಅದನ್ನು ಉಣಿಸಿ ಅಂದಿದ್ದರಂತೆ. ಗಂಜಿ ನಿಲ್ಲಲಿಲ್ಲ, ಮಜ್ಜಿಗೆ ನಿಲ್ಲಲಿಲ್ಲ. ಹುಣಸೆಯ ವಾಸನೆಗೇ ವಾಂತಿ. ಅತ್ತೆ ಫೋನಿನಲ್ಲಿ ನನಗೆ ಅವಳ ಮುಖ ತೋರಿಸಿದಳು. ಗಲ್ಲದ ಎಲುಬು ಎದ್ದಿತ್ತು. ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಜೋರು ಬಾಯಿ ಅವಳದು, ಈಗ ಮಾತೇ ಕೇಳಿಸುತ್ತಿರಲಿಲ್ಲ.

"ಅವ್ವಾ, ಕಡ್ಲಿ ಹುಳಿ ಸಾರು ಇದ್ರ ಉಣ್ತಿದ್ದೆ ನೋಡು ಅಂದ್ಲು" ಅಂದಳು ಅತ್ತೆ. "ನನ್ನ ಬಾಟ್ಲಿ ತೀರಿ ಹೋಗೇತಿ. ಊರೆಲ್ಲ ಕೇಳಿದೆ. ಯಾರ ಮನ್ಯಾಗೂ ಇಲ್ಲ."

ಮಾಮಾ ತಂಬಾಕು ಬಾಯಿಗೆ ಹಾಕಿಕೊಂಡ. "ಹೂವು ಉದುರಿ ಕಾಯಿ ಕಟ್ಟೂ ಹೊತ್ತು ಇದು. ಇದ ಹೊತ್ತಿಗೆ ಕೀಡಿ ಬರೂದು. ಒಂದು ಬಾಟ್ಲಿ ಹುಳಿಗೆ ಹೊಲ ಕೀಡಿಗೆ ಕೊಡಂತೀಯೇನು?"

ಕಾಯಿ ಕೊರೆದು ಒಳಗಿನ ಕಾಳು ತಿನ್ನುವ ಹಸಿರು ಹುಳಕ್ಕೆ ನಮ್ಮಲ್ಲಿ ಕೀಡಿ ಅನ್ನುತ್ತೇವೆ. ಮಾಮಾನ ಮಾತು ಸುಳ್ಳಲ್ಲ. ನಾನೇ ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗುವವನು.

"ಕೀಡಿ ಕಾಣ್ಲಿ. ಕಂಡ ದಿನ ನೀವು ಎಣ್ಣಿ ಹೊಡಸ್ರಿ, ನಾ ಅಡ್ಡ ಬರೂದಿಲ್ಲ" ಅಂದಳು ಅತ್ತೆ. "ಅಲ್ಲೀತನಕ ಈ ಹೊಲ ನಂದು."

"ಮಾತು?"

"ಮಾತು."

ಮಾಮಾ ಎದ್ದು ಹೋದ. ಅತ್ತೆ ನನ್ನ ಕಡೆ ತಿರುಗಿ, ಒಬ್ಬಳಿಂದ ಬಟ್ಟೆ ಹಿಂಡಲು ಆಗುವುದಿಲ್ಲ, ಎರಡು ತುದಿಗೆ ಇಬ್ಬರು ಬೇಕು ಅಂದಳು. ಅಷ್ಟಕ್ಕೇ ನನ್ನನ್ನು ಕರೆದದ್ದು.

ಮೊದಲ ತೊಡಕು ಬಟ್ಟೆಯದು. ತೆಳ್ಳಗಿರಬೇಕು, ಬೆಳ್ಳಗಿರಬೇಕು, ಪಕ್ಕಾ ಹತ್ತಿಯದಿರಬೇಕು, ಹಳೆಯದಿರಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಹುಳಿಯಲ್ಲಿ ಇಳಿಯುತ್ತದೆ. ಬಣ್ಣದ್ದಾದರೆ ಬಣ್ಣ ಇಳಿಯುತ್ತದೆ. ಅತ್ತೆ ಮಾಮಾನ ಧೋತರಗಳನ್ನೆಲ್ಲ ಟ್ರಂಕಿನಿಂದ ತೆಗೆದು, ಅಂಚಿನ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿ ಸುಟ್ಟಳು. ಹತ್ತಿಯಾದರೆ ಬೂದಿ ಆಗಬೇಕು. ಒಂದೂ ಆಗಲಿಲ್ಲ. ಎಲ್ಲ ಕರಗಿ ಕರಿ ಗಂಟಾದವು.

"ಇಷ್ಟು ವರ್ಷ ನಾ ಪ್ಲಾಸ್ಟಿಕ್ ಉಟ್ಟೀನೇನು?" ಅಂದ ಮಾಮಾ. ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದ.

"ಅದಕ್ಕ ನಿಮಗ ಅಷ್ಟು ಸಿಟ್ಟು ಬರೂದು. ಗಾಳಿ ಆಡೂದಿಲ್ಲ" ಅಂದಳು ಅತ್ತೆ.

ಹತ್ತಿ ಬೆಳೆಯುವ ಊರು ನಮ್ಮದು. ಸುಗ್ಗಿಯಲ್ಲಿ ಮನೆಯೊಳಗೆ ಕಾಲಿಡಲು ಜಾಗ ಇರುವುದಿಲ್ಲ, ಅಷ್ಟು ಹತ್ತಿ ಬಿದ್ದಿರುತ್ತದೆ. ಆ ಊರಲ್ಲಿ ಒಂದು ಹತ್ತಿ ಬಟ್ಟೆಗಾಗಿ ಮನೆಮನೆ ತಿರುಗಿದೆವು. ಕಡೆಗೆ ಉಳಿದದ್ದು ಮುತ್ಯಾ ಒಬ್ಬನೇ. ಅತ್ತೆಯ ಹೊಲಕ್ಕೆ ಮೂಡಲಲ್ಲಿ ತಾಗಿದ ಹೊಲ ಅವನದು. ಹಿರಿಯ. ಮೈಗೆ ಬೇರೆ ಬಟ್ಟೆ ಆಗುವುದಿಲ್ಲ ಅಂತ ಹತ್ತಿ ಧೋತರವನ್ನೇ ಉಡುತ್ತಾನೆ. ನಾನು ಹೋದಾಗ ಕಟ್ಟೆಯ ಮೇಲೆ ಕೂತಿದ್ದ.

"ಮುತ್ಯಾ, ನಿಮ್ಮ ಧೋತರ ಬೇಕಾಗಿತ್ರಿ."

ಅವನು ನನ್ನನ್ನು ನೋಡಿದ. ಆಮೇಲೆ ತನ್ನ ಸೊಂಟ ನೋಡಿಕೊಂಡ. "ಈಗ ಉಟ್ಟದ್ದೇನು?"

"ಹಳೇದು ಯಾವುದರ ಇದ್ರ ಕೊಡ್ರಿ."

"ಮಂದಿ ಸತ್ತ ಮ್ಯಾಲ ಧೋತರ ಕೇಳ್ತಾರಲೇ. ನಿಂದು ಭಾಳ ಗಡಿಬಿಡಿ."

ನಾನು ವಿಷಯ ಹೇಳಿದೆ. ಅವನ ನಗು ನಿಂತಿತು. "ಯಾವಾಕಿ, ನನ್ನ ಹೊಲದಾಗ ಹಸಿ ಕಡ್ಲಿ ಕಿತಗೊಂಡು ಓಡ್ತಿದ್ಲಲ್ಲ, ಅಕಿಯೇನು?"

"ಅಕೀನ್ರಿ."

"ಎರಡು ಅದಾವ, ಒಯ್ಯಿ. ಸಂಜಿಗೆ ಬಾ."

ಅವನ ಸೊಸೆ ಒಳಗಿನಿಂದ, "ಒಗದು ಇಟ್ಟಿರ್ತೀನಪಾ, ಹಂಗ ಹೆಂಗ ಕೊಡೂದು" ಅಂದಳು. ಒಳ್ಳೆಯದೇ ಆಯಿತು ಅಂದುಕೊಂಡೆ.

ಅವತ್ತು ಸಂಜೆ ಧೋತರ ಹಾಸಿದೆವು. ಬಿಗಿಯಾಗಿ ಎಳೆಯಬಾರದು, ಗಿಡದ ಕುಡಿಗೆಲ್ಲ ಬಟ್ಟೆ ಹತ್ತಬೇಕು. ಗಾಳಿಗೆ ಹಾರದಂತೆ ನಾನು ಅಂಚಿಗೆ ಮಣ್ಣಿನ ಹೆಂಟೆ ಇಡಲು ಹೋದೆ. ಅತ್ತೆ ಕೈ ತಳ್ಳಿದಳು. ಎರೆಮಣ್ಣು ಹತ್ತಿದರೆ ಹುಳಿ ಕಪ್ಪಾಗುತ್ತದೆ. ಹತ್ತಿಕಟ್ಟಿಗೆಯ ಗೂಟ ಮಾಡಿ ಚುಚ್ಚಿದೆವು.

ಬೆಳಗ್ಗೆ ಬಂದು ನೋಡಿದರೆ ಬಟ್ಟೆ ಒಣಗಿತ್ತು. ರಾತ್ರಿ ಮೋಡ ಕವಿದಿತ್ತು, ಮೋಡ ಇದ್ದರೆ ಇಬ್ಬನಿ ಬೀಳುವುದಿಲ್ಲ. ಮರುದಿನವೂ ಮೋಡ. ನಾನು ಮೊಬೈಲಿನಲ್ಲಿ ಮೋಡದ ನಕ್ಷೆ ತೆಗೆದು ನೋಡುವುದು, ಅತ್ತೆ ಆಕಾಶ ನೋಡುವುದು, ಇಬ್ಬರೂ ಏನೂ ಮಾಡಲಾಗದೆ ಮನೆಗೆ ಹೋಗುವುದು. ಆ ನಡುವೆ ಕುಬಿಹಾಳದಿಂದ ಫೋನ್ ಬಂತು. ಮಗಳಿಗೆ ಸಲೈನ್ ಹಚ್ಚಿದ್ದರು. ಅತ್ತೆ ಫೋನಿನಲ್ಲಿ "ಬರ್ತೈತಿ, ಇನ್ನೇನು ಬರ್ತೈತಿ" ಅಂದಳು. ಏನು ಬರುತ್ತದೆ ಅಂತ ಹೇಳಲಿಲ್ಲ.

ಕಡೆಗೆ ಮೋಡ ಸರಿಯಿತು, ಚಳಿ ಬಿತ್ತು. ಬೆಳಗ್ಗೆ ಹೋದರೆ ಧೋತರ ಎತ್ತಲಾಗದಷ್ಟು ಭಾರ. ನಾನು ಒಂದು ತುದಿ, ಅತ್ತೆ ಒಂದು ತುದಿ ಹಿಡಿದು ತಿರುವಿದೆವು. ಪಿಂಗಾಣಿ ಬೋಗುಣಿಗೆ ನೀರು ಬಿತ್ತು. ನೀಲಿ ನೀರು.

ನಾನು ಬಗ್ಗಿ ನೋಡಿದೆ. ಹೌದು, ನೀಲಿ.

ಮುತ್ಯಾನ ಸೊಸೆ ಆಗಲೇ ತಮ್ಮ ಹೊಲಕ್ಕೆ ಬಂದಿದ್ದಳು. ಅತ್ತೆ ಅಲ್ಲಿಂದಲೇ ಕೂಗಿ ಕೇಳಿದಳು, "ಧೋತರಕ್ಕ ಏನು ಹಾಕಿದ್ದೆವಾ?"

"ನೀಲಿ ಹಾಕೀನ್ರಿ. ಮುತ್ಯಾನ ಧೋತರ ಬ್ಯಾರೇರ ಮನಿಗೆ ಹೊಕ್ಕಾವು, ಮಾನ ಹೋಗಬಾರದಂತ ಎರಡು ಸಲ ಅದ್ದೀನಿ."

ನನಗೆ ನಗು ಬಂತು. ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. "ಛಲೋ ಮಾಡಿದೆವಾ" ಅಂದು ಬೋಗುಣಿಯನ್ನು ಬದುವಿನ ಮೇಲೆ ಬಗ್ಗಿಸಿದಳು. ಅಷ್ಟು ದಿನ ಕಾದ ಇಬ್ಬನಿ ಎರೆಮಣ್ಣಿನಲ್ಲಿ ಇಂಗಿತು. ಮನೆಗೆ ಬಂದು ಅಂಗಳದಲ್ಲಿ ಒಲೆ ಹೂಡಿ ಹಂಡೆಯಲ್ಲಿ ಧೋತರ ಕುದಿಸಿದಳು. ಸೋಪಿಲ್ಲ, ಪುಡಿ ಇಲ್ಲ, ಬರೀ ನೀರು. ಕುದಿಸುವುದು, ಚೆಲ್ಲುವುದು, ಮತ್ತೆ ಕುದಿಸುವುದು. ಪ್ರತಿ ಸಲ ಬಿಳಿ ತಟ್ಟೆಗೆ ಹಿಂಡಿ ಬಣ್ಣ ನೋಡಿದಳು. ನೀರು ತಿಳಿಯಾಗುವ ಹೊತ್ತಿಗೆ ಸಂಜೆಯಾಗಿತ್ತು. ನಾನಾಗಿದ್ದರೆ ಮೂರನೇ ಹಂಡೆಗೇ ಸಾಕು ಅನ್ನುತ್ತಿದ್ದೆ.

ಧೋತರ ತಯಾರಾಯಿತು, ಕೀಡಿಯೂ ಬಂತು. ಅದನ್ನು ಮೊದಲು ನೋಡಿದವನು ನಾನೇ. ನನ್ನ ಕಣ್ಣು ಅದಕ್ಕೇ ಪಳಗಿದೆ. ಎಳೆ ಕಾಯಿಯಲ್ಲಿ ದುಂಡಗೆ ತೂತು, ಅರ್ಧ ಮೈ ಒಳಗೆ, ಅರ್ಧ ಹೊರಗೆ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಮಾಮಾನೂ ಹಿಂದೆಯೇ ನಿಂತಿದ್ದ. ಬಗ್ಗಿ ಕಾಯಿ ಕಿತ್ತು ಅತ್ತೆಯ ಅಂಗೈಯಲ್ಲಿಟ್ಟ.

"ಕಂಡ್ತಲ್ಲ?"

"ಕಂಡ್ತು" ಅಂದಳು ಅತ್ತೆ.

"ಅಳಿಯಾ, ನಾಳಿ ಮುಂಜಾನೆ ಪಂಪ್ ತಗೊಂಡು ಬಾ. ಮುತ್ಯಾಂದೂ ಇನ್ನೊಂದ್ಸಲ ಹೊಡೀಬೇಕಂತ. ಎರಡೂ ಕೂಡೇ ಹೊಡದು ಬಿಡು."

ಅತ್ತೆ ಜಗಳ ಮಾಡಲಿಲ್ಲ. "ಇವತ್ತೊಂದಿನ ಹಾಸ್ತೀನಿ. ಮುಂಜಾನೆ ಹಿಂಡಿದ ಮ್ಯಾಲ ಹೊಡಿ" ಅಂದಳು.

ಬೆಳಗ್ಗೆ ಪಂಪ್ ಬೈಕಿಗೆ ಕಟ್ಟಿಕೊಂಡು ಹೋದೆ. ಬೇರೆ ದಿನ ನೋಡದ್ದನ್ನು ಅವತ್ತು ನೋಡಿದೆ. ಹೊಲ ಪೂರಾ ಬೆಳ್ಳಗಾಗಿತ್ತು. ಪ್ರತಿ ಎಲೆಯ ಅಂಚಿಗೂ ಹನಿ. ನಡೆದರೆ ಪ್ಯಾಂಟು ಮೊಣಕಾಲಿನ ತನಕ ತೊಯ್ದು ಕಾಲಿನ ಬಿರುಕೆಲ್ಲ ಚುರುಗುಟ್ಟಿತು. ಕಡಲೆ ಹೊಲದಲ್ಲಿ ಓಡಾಡಿದವರಿಗೆಲ್ಲ ಆ ಉರಿ ಗೊತ್ತು. ಅದು ಹುಳಿ ಅಂತ ಮಾತ್ರ ನಾನು ಎಂದೂ ಅಂದುಕೊಂಡಿರಲಿಲ್ಲ. ಎಣ್ಣೆಯ ಉರಿ ಅಂದುಕೊಂಡಿದ್ದೆ.

ಧೋತರ ತಿರುವಿದೆವು. ಬೋಗುಣಿಗೆ ಬಿದ್ದದ್ದು ತಿಳಿ ಹಳದಿ ನೀರು. ಬೆರಳ ಸಂದಿಯೆಲ್ಲ ಉರಿಯಿತು. ಒಂದು ಹನಿ ನಾಲಗೆಗೆ ಹಚ್ಚಿಕೊಂಡೆ. ಹುಳಿ ಮೊದಲು ದವಡೆಗೆ ಹತ್ತಿತು. ಹುಣಸೆಯ ಹುಳಿಯಲ್ಲ, ನಿಂಬೆಯದೂ ಅಲ್ಲ. ಚೂರು ಉಪ್ಪು, ಹಿಂದೆ ಹಸಿ ಕಡಲೆಯ ವಾಸನೆ. ಆಯಿ ಸಾರು ಬಡಿಸುತ್ತಿದ್ದ ತಾಟು ನೆನಪಾಯಿತು. ಅಂಥದ್ದೆಲ್ಲ ನನಗೆ ನೆನಪಾಗುವುದಿಲ್ಲ, ಅವತ್ತು ಆಯಿತು.

"ಇದ ಏನತ್ತಿ?"

ಅವಳೂ ಬೆರಳು ಅದ್ದಿ ನಾಲಗೆಗಿಟ್ಟಳು. "ಇದ."

ಬೋಗುಣಿಯ ತಳ ಅಷ್ಟೇ ಮುಚ್ಚಿತ್ತು, ಗಟ್ಟಿ ಮಾಡಿದರೆ ಒಂದು ಚಮಚವೂ ಆಗದು. ಒಂದು ಬಾಟಲಿಗೆ ಇಂಥ ಎಷ್ಟೋ ಬೆಳಗು ಬೇಕು. ಅತ್ತೆ ಬೋಗುಣಿಗೆ ತಾಟು ಮುಚ್ಚಿ, ಧೋತರ ಮಡಚಿ, ಬದುವಿಗೆ ಹೋಗಿ ಹೊಲಕ್ಕೆ ಬೆನ್ನು ಹಾಕಿ ಕೂತಳು.

"ಹೊಡಿ" ಅಂದಳು. "ನಾ ಮಾತು ಕೊಟ್ಟೀನಿ."

ಅಳಲಿಲ್ಲ. ನನ್ನನ್ನು ಬೇಡಿಕೊಳ್ಳಲೂ ಇಲ್ಲ. ಬೇಡ ಅಂತ ಒಂದು ಮಾತು ಆಡಿದ್ದರೆ ನಾನು ಬಹುಶಃ ರೇಗುತ್ತಿದ್ದೆ, ಹೊಡೆದೂ ಬಿಡುತ್ತಿದ್ದೆ. ಅವಳು ಮಾತು ಉಳಿಸಿಕೊಂಡು ಕೂತದ್ದು ನನ್ನ ಕೈ ಕಟ್ಟಿತು.

ಎಣ್ಣೆ ಕಲಸುವ ಮೊದಲು ಗಾಳಿ ನೋಡುವುದು ನನ್ನ ರೂಢಿ. ಒಂದು ಹಿಡಿ ಒಣ ಮಣ್ಣು ಎತ್ತಿ ಬಿಟ್ಟೆ. ಮೂಡಗಾಳಿ. ಮುತ್ಯಾನ ಹೊಲದಿಂದ ಧೂಳು ಸೀದಾ ಅತ್ತೆಯ ಹೊಲಕ್ಕೆ ಹೋಯಿತು. ಅಂದರೆ ಇಲ್ಲಿ ಹೊಡೆಯದೆ ಬಿಟ್ಟು ಮುತ್ಯಾನದಕ್ಕಷ್ಟೇ ಹೊಡೆದರೂ ಎಣ್ಣೆ ಇಲ್ಲಿಗೆ ಬರುತ್ತದೆ. ಆಮೇಲೆ ಈ ಧೋತರ ಹಿಂಡಿ ಬಸುರಿಗೆ ಉಣಿಸುವಂತಿಲ್ಲ. ನಾನು ಎಣ್ಣೆಯ ಡಬ್ಬಿಯ ಮುಚ್ಚಳ ಬಿಗಿ ಮಾಡಿ ಪಂಪನ್ನು ಮತ್ತೆ ಬೈಕಿಗೆ ಕಟ್ಟಿದೆ.

ಮಾಮಾ ಬಂದ. "ಯಾಕ?"

"ಹೊಡಿಯಾಂಗಿಲ್ಲ."

"ಅಕಿ ಬ್ಯಾಡ ಅಂದ್ಲೇನು?"

"ಅಕಿ ಹೊಡಿ ಅಂದ್ಲು. ನಾ ಹೊಡಿಯಾಂಗಿಲ್ಲ."

"ನಿನ್ನ ಕೆಲಸ ಏನಲೇ?"

"ಎಣ್ಣಿ ಹೊಡಿಯೂದು."

"ಮತ್ತ?"

"ಇವತ್ತ ಸೂಟಿ. ಕೀಡಿ ಕೈಲೇ ಆರಿಸ್ತೀನಿ. ಆಗಲಿಲ್ಲಂದ್ರ ನಿಮ್ಮ ಚಪ್ಲಿ, ನನ್ನ ತಲಿ."

"ನನ್ನ ಚಪ್ಲಿ ಹರದಾವ" ಅಂದ ಮಾಮಾ, ಹೋಗಿಬಿಟ್ಟ.

ಮುತ್ಯಾನನ್ನು ಒಪ್ಪಿಸುವುದು ಇನ್ನೂ ಕಷ್ಟ ಆಯಿತು. "ಧೋತರಾನೂ ಒಯ್ದಿ, ಈಗ ಕಡ್ಲೀನೂ ಒಯ್ಯಾಕ ಬಂದೀಯೇನು?" ಅಂದ. ನಾನು ಒಂದು ಮಾತಿಗೆ ಬಂದೆ. ಅವನ ಹೊಲದಲ್ಲಿ ನಮ್ಮ ಬದುವಿಗೆ ಹತ್ತಿದ ಅಗಲವಾದ ಒಂದು ಪಟ್ಟಿ ಬಿಡಬೇಕು, ಉಳಿದದ್ದಕ್ಕೆ ಗಾಳಿ ತಿರುಗಿದ ಹೊತ್ತು ನೋಡಿ ಹೊಡೆಯುತ್ತೇನೆ, ಬಿಟ್ಟ ಪಟ್ಟಿಯ ಕೀಡಿಯನ್ನೂ ನಾನೇ ಕೈಯಿಂದ ಆರಿಸುತ್ತೇನೆ. "ಕದ್ದು ತಿಂತಿದ್ಲು, ಈಗ ಮನ್ಯಾಗ ಕುಂತ ತಿನ್ನಾಕತ್ತಾಳ" ಅಂದ. ಅದೇ ಒಪ್ಪಿಗೆ.

ಆಮೇಲಿನ ದಿನಗಳಂಥ ಕೆಲಸ ನಾನು ಎಂದೂ ಮಾಡಿಲ್ಲ. ಪಂಪಿನಲ್ಲಿ ಹೊಲ ಮುಗಿಸುವುದು ನಡೆದಷ್ಟೇ ಹೊತ್ತು. ಕೈಯಿಂದ ಆರಿಸುವುದು ಹಾಗಲ್ಲ. ಬೆಳಗ್ಗೆ ಹುಳಿ ಹಿಂಡಿ ಮುಗಿಸಿದ ಕೂಡಲೇ ಶುರು ಮಾಡಬೇಕು, ಬಿಸಿಲು ಏರಿದರೆ ಕೀಡಿ ಎಲೆಯ ಬುಡಕ್ಕೆ ಇಳಿಯುತ್ತದೆ. ಗಿಡ ಗಿಡಕ್ಕೂ ಬಗ್ಗಬೇಕು. ತೂತು ಬಿದ್ದ ಕಾಯಿ, ಎಲೆಯ ಮೇಲಿನ ಕಾಳುಕಾಳು ಹಿಕ್ಕೆ, ಎರಡನ್ನು ನೋಡಿ ಹುಡುಕಬೇಕು. ಸಿಕ್ಕದ್ದನ್ನು ಸೋಪಿನ ನೀರಿದ್ದ ಡಬ್ಬಿಗೆ ಹಾಕಬೇಕು. ಬಗ್ಗಿ ಬಗ್ಗಿ ನೋಯುವ ಸೊಂಟಕ್ಕೆ ಅತ್ತೆ ಬಟ್ಟೆ ಬಿಗಿದುಕೊಂಡಿದ್ದಳು. ಒಂದು ಸಾಲು ನಾನು ಮುಗಿಸುವ ಹೊತ್ತಿಗೆ ಅವಳು ಪಕ್ಕದ ಸಾಲು ಮುಗಿಸಿ ನನ್ನ ಸಾಲಿನಲ್ಲಿ ನಾನು ಬಿಟ್ಟದ್ದನ್ನು ಆರಿಸುತ್ತಿದ್ದಳು.

"ಕಣ್ಣು ಎಲ್ಲಿಟ್ಟಿ?" ಅನ್ನುತ್ತಿದ್ದಳು.

"ಪಂಪಿಗೆ ಕಣ್ಣು ಬೇಕಾಗೂದಿಲ್ಲತ್ತಿ."

"ಅದಕ್ಕ ಅದರ ಬೆನ್ನಿಗೆ ನಿನ್ನ ಕಟ್ಟ್ಯಾರ."

ನಮ್ಮಿಬ್ಬರಿಂದ ಪೂರಾ ಹೊಲ ಆಗುವುದಿಲ್ಲ ಅನ್ನುವುದು ಬೇಗ ಗೊತ್ತಾಯಿತು. ಆಗ ಅತ್ತೆ ಹಕ್ಕಿ ಕರೆಯೋಣ ಅಂದಳು. ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಚರಗ ಚೆಲ್ಲುತ್ತೇವೆ. ಅಂದರೆ ಮನೆಯಲ್ಲಿ ಮಾಡಿದ ರೊಟ್ಟಿ, ಕಡಬು, ಪಲ್ಯ ಎಲ್ಲ ಕಲಸಿ ಭೂಮಿತಾಯಿಗೆ ಅಂತ ಹೊಲದ ತುಂಬ ಎರಚುವುದು. ಹಕ್ಕಿ ಬಂದು ಅದನ್ನು ತಿನ್ನುತ್ತವೆ, ಜೊತೆಗೆ ಕೀಡಿಯನ್ನೂ ತಿನ್ನುತ್ತವೆ. ಅಮಾವಾಸ್ಯೆಯ ಚರಗ ಆಗಿ ಹೋಗಿತ್ತು. ಅತ್ತೆ ಎರಡನೇ ಚರಗಕ್ಕೆ ನಿಂತಳು. ನಾನು ನವಲಗುಂದಕ್ಕೆ ಹೋಗಿ ಒಂದು ಚೀಲ ಚುರುಮುರಿ ತಂದೆ. ಹಕ್ಕಿ ಕೂರಲಿ ಅಂತ ಸಾಲಿನ ನಡುವೆ ಹತ್ತಿಕಟ್ಟಿಗೆ ನೆಟ್ಟೆ. ಅತ್ತೆ ಬದುವಿನ ಗುಂಟ ಚುರುಮುರಿ ಚೆಲ್ಲಿ, ನಾಳೆ ನೋಡು ಅಂದಳು.

ಹಕ್ಕಿ ಬಂದವು. ಗೊರವಂಕ, ಗುಬ್ಬಿ, ಕಾಗೆ, ದಂಡು ದಂಡು. ಬದುವಿನ ಮೇಲೆ ಕೂತು ಚುರುಮುರಿ ಹೆಕ್ಕಿ ತಿಂದು ಹಾರಿ ಹೋದವು. ಒಂದೂ ಹೊಲದೊಳಗೆ ಇಳಿಯಲಿಲ್ಲ.

ಮಾಮಾ ಅಷ್ಟು ದಿನ ಹೊಲಕ್ಕೆ ಬಂದರೂ ದೂರ ಕೂರುತ್ತಿದ್ದ. ಅವತ್ತು ಬಾಯಿ ಬಿಟ್ಟ. "ನಿನ್ನ ಬೀಗ್ರು ಫರಾಳ ತಿಂದು ಹೋದ್ರಲ್ಲ. ಕೆಲಸ ಯಾವಾಗ ಹಚ್ಚತೀ?"

ಅತ್ತೆ ಮೊದಲ ಸಲ ಸೋತವಳಂತೆ ನಿಂತಳು. ಡಬ್ಬಿ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಮಾಮಾ ಸ್ವಲ್ಪ ಹೊತ್ತು ಅವಳನ್ನು ನೋಡಿದ. ಎದ್ದು ಬಂದು ಚುರುಮುರಿ ಚೀಲ ಹೆಗಲಿಗೆ ಹಾಕಿಕೊಂಡ.

"ಬಾಗಲದಾಗ ತಾಟು ಹಾಕಿದ್ರ ಒಳಗ ಯಾರ ಬರ್ತಾರ? ಸಾಲಿನ್ಯಾಗ ಚೆಲ್ಲಬೇಕು. ಅದೂ ಗಿಡದ ಬುಡಕ್ಕ. ಹುಡುಕಿ ತಿನ್ನಲಿ."

ಅವನು ಒಂದೊಂದು ಸಾಲಿಗೂ ಇಳಿದು ಬುಡಕ್ಕೆ ಉದುರಿಸುತ್ತ ಹೋದ. ಚೀಲ ಖಾಲಿಯಾಗುವ ತನಕ ನಿಲ್ಲಲಿಲ್ಲ. ಮರುದಿನ ಬೆಳಗ್ಗೆ ಗೊರವಂಕಗಳು ಸಾಲಿನಲ್ಲಿ ನಡೆದಾಡುತ್ತಿದ್ದವು. ಗಿಡದ ಬುಡ ಕೆದರಿ ಚುರುಮುರಿ ತಿನ್ನುವವು, ತಲೆ ಎತ್ತಿದರೆ ಕಣ್ಣ ಮುಂದೆ ಕೀಡಿ. ನಾನು ನೆಟ್ಟ ಕಟ್ಟಿಗೆಯ ಮೇಲೆ ಕಾಜಾಣ ಕೂತಿತ್ತು. ಆಮೇಲೆ ಬೆಳ್ಳಕ್ಕಿಯೂ ಬಂದವು. ನಾವು ಮೂವರು ಬದುವಿನ ಮೇಲೆ ಕೂತು ನೋಡಿದೆವು. ನನ್ನ ಕೆಲಸವನ್ನು ಬೇರೆಯವರು ಮಾಡುವುದನ್ನು ಕೂತು ನೋಡಿದ್ದು ಅದೇ ಮೊದಲು.

ಎಲ್ಲ ಉಳಿಯಿತು ಅಂತ ಹೇಳುವುದಿಲ್ಲ. ಬದುವಿನ ಕಡೆಯ ಸಾಲುಗಳಲ್ಲಿ ಬಹಳ ಕಾಯಿ ಪೊಳ್ಳಾದವು. ಮುತ್ಯಾನ ಪಟ್ಟಿಯಲ್ಲೂ ಅಲ್ಲಲ್ಲಿ ಹೋಯಿತು, ಅವನು ಒಂದೊಂದೇ ತೂತು ಬಿದ್ದ ಕಾಯಿ ತಂದು ನನ್ನ ಮುಂದೆ ಇಟ್ಟ. ಆದರೆ ಹೊಲ ಹೊಲವಾಗಿಯೇ ಉಳಿಯಿತು. ಕಾಯಿ ತುಂಬಿದಂತೆ ಹುಳಿಯೂ ಏರಿತು. ಬೆಳಗ್ಗೆ ಧೋತರ ಹಿಂಡಲು ಈಗ ಮಾಮಾ ಒಂದು ತುದಿ ಹಿಡಿಯುತ್ತಿದ್ದ. ಅವನ ತಿರುವು ಜೋರು, ಅತ್ತೆ ಎಳೆತಕ್ಕೆ ಮುಂದೆ ಬರುತ್ತಿದ್ದಳು, "ನನ್ನ ಹಿಂಡಬ್ಯಾಡ್ರಿ, ಧೋತರ ಹಿಂಡ್ರಿ" ಅನ್ನುತ್ತಿದ್ದಳು.

ಹಿಂಡಿದ್ದನ್ನು ಸೋಸಿ ಪಿಂಗಾಣಿ ತಾಟಿಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಮಾಳಿಗೆಯ ಬಿಸಿಲಿಗೆ ಇಡುತ್ತಿದ್ದಳು. ಹಿತ್ತಾಳೆ, ಅಲ್ಯೂಮಿನಿಯಂ ಮುಟ್ಟಿಸುವಂತಿಲ್ಲ, ಹುಳಿ ಪಾತ್ರೆಯನ್ನೇ ತಿನ್ನುತ್ತದೆ. ದಿನ ಹೋದಂತೆ ಹಳದಿ ಹೋಗಿ ಚಹಾದ ಬಣ್ಣ ಬಂತು, ಆಮೇಲೆ ಅದಕ್ಕಿಂತ ಕಪ್ಪು. ತಾಟು ತಾಟು ಇಟ್ಟದ್ದು ಕಡೆಗೆ ಒಂದು ಬಾಟಲಿ ಆಯಿತು. ಒಂದೇ. ಮೊಣಕಾಲೆತ್ತರ ಇಲ್ಲದ ಗಿಡ, ಮಳೆ ಇಲ್ಲ, ನೀರು ಹಾಯಿಸುವುದಿಲ್ಲ, ಬರೀ ಎರೆಮಣ್ಣಿನ ತಂಪು ಕುಡಿದು ಇಷ್ಟನ್ನು ಮಾಡಿತು. ಕಡಲೆಯನ್ನು ನಾನು ಕಾಳು ಅಂತಷ್ಟೇ ತಿಳಿದಿದ್ದೆ.

ಬಾಟಲಿಯನ್ನು ಅತ್ತೆ ತೊಡೆಯ ಮೇಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತಳು. ಮಾಮಾ ಬಸ್ಸಿಗೆ ಬಂದ. ಕುಬಿಹಾಳದಲ್ಲಿ ಮಗಳು ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿ, "ನೀ ಯಾಕ ಬಂದೀಯಲೇ, ನನಗೂ ಎಣ್ಣಿ ಹೊಡಿಯಾಕೇನು?" ಅಂದಳು. ದನಿ ಸಣ್ಣದು, ಬಾಯಿ ಮಾತ್ರ ಹಾಗೇ ಇತ್ತು.

ಅತ್ತೆ ಬೀಗರ ಒಲೆಯ ಮುಂದೆ ತಾನೇ ಕೂತಳು. ತೊಗರಿ ಬೇಳೆ ನುಣ್ಣಗೆ ಬೇಯಿಸಿ ತೆಳ್ಳಗೆ ಮಾಡಿ, ಜೀರಿಗೆ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟಳು. ಒಲೆಯಿಂದ ಇಳಿಸಿ ಕುದಿ ನಿಂತ ಮೇಲೆ ಹುಳಿ ಹಾಕಿದಳು, ಒಂದು ಚಮಚಕ್ಕಿಂತ ಕಡಿಮೆ. ಹುಳಿ ಹಾಕಿ ಕುದಿಸಿದರೆ ಒಗರಾಗುತ್ತದಂತೆ. ಮೆತ್ತಗಿನ ಅನ್ನದ ಮೇಲೆ ಸುರಿದು ಮಗಳ ಮುಂದಿಟ್ಟಳು.

ಮಗಳು ಒಂದು ತುತ್ತು ತಿಂದಳು. ಇನ್ನೊಂದು ತಿಂದಳು. ತಾಟು ಅರ್ಧ ಆಯಿತು. ಉಂಡದ್ದು ವಿಷಯವೇ ಅಲ್ಲ, ನಿಲ್ಲಬೇಕು. ಅವಳ ಗಂಡನ ತಾಯಿ ಬಚ್ಚಲ ಬಾಗಿಲಲ್ಲಿ ಚೊಂಬು ಹಿಡಿದು ನಿಂತಿದ್ದಳು. ಮಾಮಾ ಚಾವಣಿ ನೋಡುತ್ತಿದ್ದ. ನನಗೆ ಹೊರಗೆ ಹೋಗಬೇಕು ಅನ್ನಿಸಿತು, ಹೋಗಲಿಲ್ಲ. ಬೀಗರ ಮನೆಯವರು ನಮಗೆ ಚಹಾ ಕೊಟ್ಟರು. ಕುಡಿದು ಮುಗಿಸಿದೆವು. ಕಪ್ಪು ತೊಳೆದಿಟ್ಟರು. ಮಗಳು ಇನ್ನೂ ಗೋಡೆಗೆ ಒರಗಿಯೇ ಕೂತಿದ್ದಳು.

"ಅವ್ವಾ" ಅಂದಳು. ಚೊಂಬು ಹಿಡಿದಾಕೆ ಒಂದು ಹೆಜ್ಜೆ ಮುಂದೆ ಬಂದಳು. "ಉಪ್ಪು ಕಡಿಮಿ ಆಗೇತಿ. ಇನ್ನೊಂದಿಷ್ಟು ಸಾರು ಹಾಕು."

ಅತ್ತೆ ಎದ್ದು ಹೋಗಿ ಉಪ್ಪು ತಂದಳು. ಗಡಿಬಿಡಿಯಲ್ಲಿ ಹೆಚ್ಚೇ ಹಾಕಿದಳು. ಮಗಳು ಅದನ್ನೂ ಉಂಡಳು.

ನಾನು ಪಂಪ್ ಮಾರಿಲ್ಲ. ಈಗಲೂ ಕರೆದವರ ಹೊಲಕ್ಕೆ ಹೋಗಿ ಎಣ್ಣೆ ಹೊಡೆಯುತ್ತೇನೆ, ಅದು ನನ್ನ ಅನ್ನ. ಆದರೆ ಕಡಲೆ ಹೊಲಕ್ಕೆ ಇಳಿದು ಕಾಲು ಚುರುಗುಟ್ಟಿದಾಗ ಒಂದು ಗಳಿಗೆ ನಿಲ್ಲುತ್ತೇನೆ.

ಹುಳಿಯ ಹಂಗಾಮು ಮುಗಿದು ಮುತ್ಯಾನ ಧೋತರ ತಿರುಗಿ ಕೊಡಲು ನೋಡಿದರೆ ಕೊಡುವಂತಿರಲಿಲ್ಲ. ಹುಳಿಗೆ ಎಳೆಯೆಲ್ಲ ಸವೆದು, ಬೆರಳು ಇಟ್ಟಲ್ಲಿ ಹರಿಯುತ್ತಿತ್ತು. ಮಾಮಾ ನನ್ನನ್ನು ಕರೆದುಕೊಂಡು ನವಲಗುಂದದ ಸಂತೆಗೆ ಹೋದ. ಬಟ್ಟೆ ಅಂಗಡಿಯಲ್ಲಿ ಧೋತರ ತೆಗೆಸಿದ, ಅಂಚಿನ ಎಳೆ ಒಂದು ಕಿತ್ತ, ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದ. ಅಂಗಡಿಯವನು ಗಾಬರಿಯಾದ.

"ಏ ಕಾಕಾ, ಅಂಗಡ್ಯಾಗ ಬೆಂಕಿ ಹಚ್ಚಬ್ಯಾಡ್ರಿ."

"ಸುಮ್ಮ ಕುಂದ್ರಪಾ. ನೀ ಏನು ಮಾರಾಕತ್ತೀ ನೋಡೂಣು."

ಎಳೆ ಉರಿದು ಬೂದಿಯಾಯಿತು. ಮಾಮಾ ಅದನ್ನು ಬೆರಳಿನಿಂದ ತಿಕ್ಕಿ ನೋಡಿ, ಎರಡು ಜೋಡಿ ಕಟ್ಟಿಸಿದ. ಒಂದು ಮುತ್ಯಾನಿಗೆ ಅಂತ ಗೊತ್ತಿತ್ತು.

"ಇನ್ನೊಂದು ಯಾರಿಗೆ ಮಾಮಾ?"

"ನನಗ. ಇವತ್ತಿಂದ ಉಟ್ಟು ಒಗೀತೀನಿ" ಅಂದ. "ಬರೂ ಚಳಿಗಾಲಕ್ಕ ಅದರ ಗಂಜಿ ಹೋಗಿರಬೇಕು."